ಅನುವಂಶಿಕ ರಕ್ತಹೀನತೆ: ರಕ್ತನಾಳದ ಒಳಪದರ ಕೊಡುವ ಮುನ್ಸೂಚನೆಗಳು

ರಕ್ತಹೀನತೆ ಎಂದೊಡನೆ ನಮ್ಮಲ್ಲಿ ಬಹುತೇಕರ ನೆನಪಿಗೆ ಬರುವುದು ಕಬ್ಬಿಣಾಂಶದ ಕೊರತೆ. ನುಗ್ಗೆಸೊಪ್ಪು, ಬೆಲ್ಲ, ಖರ್ಜೂರ, ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಇವೆಲ್ಲ ಅದಕ್ಕೆ ಪರಿಹಾರವೆಂಬುದೂ ಮನೆಮನೆಗೆ ಗೊತ್ತಿರುವ ವಿಷಯ. ಕೊರತೆಯಿಂದ ಬರುವ ರಕ್ತಹೀನತೆಗೆ ಈ ತಿಳಿವಳಿಕೆ ಸರಿಯಾದುದೇ. ಆದರೆ ತಂದೆತಾಯಿಯರಿಂದ ಮಕ್ಕಳಿಗೆ ವಂಶವಾಹಿಯ ಮೂಲಕ ಹರಿದುಬರುವ ರಕ್ತಹೀನತೆಗಳೂ ಇವೆ. ಅವುಗಳಲ್ಲಿ ಕುಡಗೋಲು ಕಣ ರೋಗ ಮತ್ತು ಥಲಸ್ಸೇಮಿಯಾ ಮುಖ್ಯವಾದವು. ಇಲ್ಲಿ ತೊಂದರೆಯಿರುವುದು ಆಹಾರದಲ್ಲಿ ಅಲ್ಲ, ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ರಚನೆಯಲ್ಲಿ ಅಥವಾ ಅದರ ಉತ್ಪಾದನೆಯಲ್ಲಿ.

ಈ ರೋಗಗಳನ್ನು ಬಹುಕಾಲ ವೈದ್ಯವಿಜ್ಞಾನವೂ ಕೇವಲ ರಕ್ತಕಣಗಳ ಕಾಯಿಲೆಯೆಂದೇ ಪರಿಗಣಿಸಿತ್ತು. ಕಳೆದ ನಾಲ್ಕೈದು ದಶಕಗಳ ಅಧ್ಯಯನಗಳು ಆ ಭಾವನೆಯನ್ನು ವಿಸ್ತರಿಸಿವೆ. ರೋಗಿಯನ್ನು ನಿಜವಾಗಿ ಕುಗ್ಗಿಸುವುದು ರಕ್ತದ ಪ್ರಮಾಣ ಕಡಿಮೆಯಾಗುವುದೊಂದೇ ಅಲ್ಲ. ಆ ರಕ್ತ ಹರಿಯುವ ನಾಳಗಳ ಒಳಮೈ ವರ್ಷಗಳ ಕಾಲ ಸದ್ದಿಲ್ಲದೆ ಹದಗೆಡುವುದೂ ಅದಕ್ಕೆ ಕಾರಣ. ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದ ಅಧಿಕ ರಕ್ತದೊತ್ತಡ, ಮಾಯದ ಕಾಲಿನ ಹುಣ್ಣು, ದೃಷ್ಟಿದೋಷ ಇವೆಲ್ಲ ಆ ಹಾಳಾಗುವಿಕೆಯ ಫಲಗಳು. ಈ ಹಾನಿಯನ್ನು ಲಕ್ಷಣಗಳು ತೋರುವುದಕ್ಕೆ ಮೊದಲೇ ಗುರುತಿಸಲು ನೆರವಾಗುವ ಗುರುತುಗಳನ್ನು ಜೈವಿಕ ಸೂಚಕಗಳು ಎನ್ನುತ್ತಾರೆ. ಅವು ಯಾವುವು, ಅವುಗಳಿಂದ ಸಾಮಾನ್ಯ ಕುಟುಂಬಕ್ಕೆ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದೇ ಒಂದು ಕೊಂಡಿಯ ವ್ಯತ್ಯಾಸ

1910ರಲ್ಲಿ ಅಮೆರಿಕದ ಶಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಅವರು, ಗ್ರೆನಡಾ ದ್ವೀಪದಿಂದ ದಂತವೈದ್ಯ ಶಿಕ್ಷಣಕ್ಕಾಗಿ ಬಂದಿದ್ದ ಯುವಕನೊಬ್ಬನ ರಕ್ತದಲ್ಲಿ ಕುಡಗೋಲಿನಂತೆ ಬಾಗಿದ ಕೆಂಪುಕಣಗಳನ್ನು ಕಂಡ ವರದಿಯನ್ನು ಪ್ರಕಟಿಸಿದರು. ವೈದ್ಯಸಾಹಿತ್ಯದಲ್ಲಿ ಈ ರೋಗದ ಮೊದಲ ವಿವರಣೆ ಇದೆಂದು ಗಣನೆಯಾಗಿದೆ. 1949ರಲ್ಲಿ ಲೀನಸ್ ಪೌಲಿಂಗ್ ಮತ್ತು ಸಹೋದ್ಯೋಗಿಗಳು ಇದು ಹಿಮೋಗ್ಲೋಬಿನ್ ಅಣುವಿನ ದೋಷವೆಂದು ತೋರಿಸಿ, ಇದನ್ನು 'ಅಣುಮಟ್ಟದ ರೋಗ' ಎಂದು ಕರೆದರು. 1950ರ ದಶಕದಲ್ಲಿ ವರ್ನನ್ ಇಂಗ್ರಾಮ್ ಆ ದೋಷದ ನೆಲೆಯನ್ನೂ ಪತ್ತೆಹಚ್ಚಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲಿಗೆ ವ್ಯಾಲೀನ್ ಬಂದು ಕುಳಿತಿರುತ್ತದೆ. ವ್ಯತ್ಯಾಸ ಇಷ್ಟೇ.

ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಬದಲಾದ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಗಡುಸಾದ ಎಳೆಗಳಾಗುತ್ತವೆ. ಮೃದುವಾಗಿ ಬಳುಕಬೇಕಾದ ಕೆಂಪುಕಣ ಆಗ ಕುಡಗೋಲಿನ ಆಕಾರ ತಾಳುತ್ತದೆ. ಆರೋಗ್ಯವಂತ ಕೆಂಪುಕಣದ ಆಯುಷ್ಯ ಸುಮಾರು 120 ದಿನಗಳು; ಕುಡಗೋಲು ಕಣ ಹತ್ತರಿಂದ ಇಪ್ಪತ್ತು ದಿನಗಳಲ್ಲಿಯೇ ಒಡೆದುಹೋಗುತ್ತದೆ. ರಕ್ತಹೀನತೆಗೂ ಕಣ್ಣು ಹಳದಿಯಾಗುವುದಕ್ಕೂ ಇದೇ ಕಾರಣ. ಗಡುಸಾದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ, ಬೆನ್ನು, ಎದೆ, ಹೊಟ್ಟೆಗಳಲ್ಲಿ ತಡೆಯಲಾಗದ ನೋವು ಬರುತ್ತದೆ.

ನಾಳ ಕಟ್ಟಿಕೊಳ್ಳುವುದು ಕಣದ ಆಕಾರದಿಂದ ಮಾತ್ರ ಎಂದು ಮೊದಲು ತಿಳಿಯಲಾಗಿತ್ತು. 1980ರಲ್ಲಿ ರಾಬರ್ಟ್ ಹೆಬ್ಬೆಲ್ ಮತ್ತು ಸಂಗಡಿಗರು ಬೇರೊಂದು ಅಂಶವನ್ನು ಮುಂದಿಟ್ಟರು. ಕುಡಗೋಲು ಕಣಗಳು ನಾಳದ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಹೆಚ್ಚು ಅಂಟುವ ರೋಗಿಗಳಲ್ಲಿ ಕಾಯಿಲೆಯ ತೀವ್ರತೆಯೂ ಹೆಚ್ಚು. ಅಂದಿನಿಂದ ಸಂಶೋಧಕರ ದೃಷ್ಟಿ ಕಣದ ಜೊತೆಗೆ ಗೋಡೆಯ ಮೇಲೂ ಹರಿಯಿತು.

ನಾಳದ ಒಳಪದರದ ಕೆಲಸ

ರಕ್ತನಾಳವನ್ನು ನೀರಿನ ಕೊಳವೆಗೆ ಹೋಲಿಸುವುದು ವಾಡಿಕೆ. ಆದರೆ ಕೊಳವೆ ನಿರ್ಜೀವ, ರಕ್ತನಾಳ ಸಜೀವ. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪನೆಯ ಹೊದಿಕೆಯಿದೆ. ಇದಕ್ಕೆ ಎಂಡೋಥೀಲಿಯಂ ಅಥವಾ ಅಂತಃಸ್ತರ ಎಂದು ಹೆಸರು. ಹೃದಯದಿಂದ ಹೊರಡುವ ಮಹಾಧಮನಿಯಿಂದ ಹಿಡಿದು ಕೂದಲಿಗಿಂತ ಸಪೂರವಾದ ಲೋಮನಾಳದವರೆಗೆ ಈ ಪದರ ಎಲ್ಲೆಡೆಯೂ ಹಬ್ಬಿದೆ. ಯಾವ ಅಂಗಕ್ಕೆ ಎಷ್ಟು ರಕ್ತ ಹೋಗಬೇಕು, ನಾಳ ಯಾವಾಗ ಹಿಗ್ಗಬೇಕು, ಯಾವಾಗ ಕುಗ್ಗಬೇಕು, ಎಲ್ಲಿ ರಕ್ತ ಹೆಪ್ಪುಗಟ್ಟಬೇಕು, ಎಲ್ಲಿ ಗಟ್ಟಬಾರದು ಎಂಬುದನ್ನು ನಿರ್ಧರಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಕಾಲುವೆಯ ತೂಬಿನ ಬಳಿ ನಿಂತು ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿಯ ಕೆಲಸವನ್ನು ಇದು ಮಾಡುತ್ತದೆ ಎನ್ನಬಹುದು.

ಈ ಪದರ ತನ್ನ ಕೆಲಸಕ್ಕೆ ಬಳಸುವ ಪ್ರಮುಖ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ಇದು ತಯಾರಾಗುತ್ತದೆ. ನಾಳದ ಸ್ನಾಯುವನ್ನು ಸಡಿಲಿಸಿ ನಾಳವನ್ನು ಹಿಗ್ಗಿಸುತ್ತದೆ, ಕಿರುಬಿಲ್ಲೆಗಳು ಗುಂಪುಗೂಡದಂತೆ ನೋಡಿಕೊಳ್ಳುತ್ತದೆ, ರಕ್ತಕಣಗಳು ಗೋಡೆಗೆ ಅಂಟದಂತೆ ತಡೆಯುತ್ತದೆ. ಈ ಅನಿಲದ ಪಾತ್ರವನ್ನು ಬಯಲಿಗೆ ತಂದ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೋ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಕಣ ಒಡೆದಾಗ ಆಗುವುದೇನು?

ಹಿಮೋಗ್ಲೋಬಿನ್ ಕೆಂಪುಕಣದ ಒಳಗೆ ಇರುವತನಕ ಉಪಕಾರಿ. ಕಣ ಒಡೆದು ಅದು ನೇರವಾಗಿ ರಕ್ತರಸಕ್ಕೆ ಬಿದ್ದಾಗ ನೈಟ್ರಿಕ್ ಆಕ್ಸೈಡನ್ನು ಕ್ಷಣಮಾತ್ರದಲ್ಲಿ ನುಂಗಿಬಿಡುತ್ತದೆ. ಹೀಗೆ ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹಿಡಿದು ಸಾಗಿಸಲು ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನ್ ಇದೆ. ಹೀಮ್ ಎಂಬ ಕಬ್ಬಿಣಯುಕ್ತ ಭಾಗವನ್ನು ಹಿಡಿಯಲು ಹೀಮೋಪೆಕ್ಸಿನ್ ಇದೆ. ಆದರೆ ದಿನವೂ ಅಪಾರ ಸಂಖ್ಯೆಯಲ್ಲಿ ಕಣಗಳು ಒಡೆಯುವ ರೋಗಿಯಲ್ಲಿ ಇವೆರಡೂ ಬೇಗನೆ ಬರಿದಾಗುತ್ತವೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಒಡೆದ ಕಣದಿಂದ ಆರ್ಜಿನೇಸ್ ಎಂಬ ಕಿಣ್ವವೂ ಹೊರಬರುತ್ತದೆ. ಅದು ನೈಟ್ರಿಕ್ ಆಕ್ಸೈಡ್ ತಯಾರಿಕೆಗೆ ಬೇಕಾದ ಆರ್ಜಿನೀನನ್ನೇ ಒಡೆದುಹಾಕುತ್ತದೆ. ಇದ್ದ ಸರಕೂ ಹೋಯಿತು, ಹೊಸದನ್ನು ಮಾಡುವ ಕಚ್ಚಾವಸ್ತುವೂ ಹೋಯಿತು ಎಂಬಂತಾಗುತ್ತದೆ ಪರಿಸ್ಥಿತಿ. ಬಿಡಿಯಾದ ಹೀಮ್ ನಾಳದ ಒಳಪದರವನ್ನು ಕೆರಳಿಸಿ ಉರಿಯೂತವನ್ನು ಉಂಟುಮಾಡುತ್ತದೆ. ಕೆರಳಿದ ಜೀವಕೋಶಗಳು ತಮ್ಮ ಮೈಮೇಲೆ ಅಂಟುಪ್ರೋಟೀನುಗಳನ್ನು ಹೊರಚಾಚುತ್ತವೆ. ಅವುಗಳಿಗೆ ಮೊದಲು ಬಿಳಿಕಣಗಳು, ಅವುಗಳ ಹಿಂದೆಯೇ ಕುಡಗೋಲು ಕಣಗಳು ಅಂಟಿಕೊಳ್ಳುತ್ತವೆ. ರಕ್ತದ ಹರಿವು ನಿಧಾನವಾಗುತ್ತದೆ, ಆಮ್ಲಜನಕ ಇನ್ನಷ್ಟು ಕಡಿಮೆಯಾಗುತ್ತದೆ, ಮತ್ತಷ್ಟು ಕಣಗಳು ಬಾಗುತ್ತವೆ. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ವಿಷಚಕ್ರ.

ರೋಗಿಗೆ ನೋವಿಲ್ಲದ ದಿನಗಳಲ್ಲಿಯೂ ಈ ಚಕ್ರ ಪೂರ್ತಿ ನಿಲ್ಲುವುದಿಲ್ಲ ಎಂಬುದನ್ನು ಮನೆಯವರು ಮನಗಾಣಬೇಕು. ನೋವು ಬಂದಾಗ ಮಾತ್ರ ಆಸ್ಪತ್ರೆಗೆ ಹೋಗಿ, ಇಳಿದೊಡನೆ ಮರೆತುಬಿಡುವ ಅಭ್ಯಾಸ ಅಪಾಯಕಾರಿಯಾಗುವುದು ಇದರಿಂದಲೇ.

ಜೈವಿಕ ಸೂಚಕಗಳು ಎಂದರೇನು?

ನಾಡಿ, ಜ್ವರ, ರಕ್ತದೊತ್ತಡ ಇವೂ ಸೂಚಕಗಳೇ. ರಕ್ತ, ಮೂತ್ರ ಅಥವಾ ಯಂತ್ರದ ಪರೀಕ್ಷೆಯಲ್ಲಿ ಅಳೆಯಬಹುದಾದ, ದೇಹದೊಳಗಿನ ಸ್ಥಿತಿಯನ್ನು ತಿಳಿಸುವ ಯಾವುದೇ ಅಳತೆಗೂ ಜೈವಿಕ ಸೂಚಕವೆಂದು ಹೆಸರು. ಅನುವಂಶಿಕ ರಕ್ತಹೀನತೆಯಲ್ಲಿ ನಾಳದ ಸ್ಥಿತಿ ತಿಳಿಸುವ ಸೂಚಕಗಳನ್ನು ಕೆಲವು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯವು ಕಣಗಳು ಎಷ್ಟು ಒಡೆಯುತ್ತಿವೆ ಎಂಬುದನ್ನು ತಿಳಿಸುವಂಥವು. ಎಲ್.ಡಿ.ಎಚ್. ಎಂಬ ಕಿಣ್ವ, ಬಿಲಿರುಬಿನ್, ಎಳೆಯ ಕೆಂಪುಕಣಗಳಾದ ರೆಟಿಕ್ಯುಲೋಸೈಟುಗಳ ಎಣಿಕೆ, ಕುಗ್ಗಿದ ಹ್ಯಾಪ್ಟೊಗ್ಲೋಬಿನ್ ಇವು ಈ ಗುಂಪಿನವು. ಎಲ್.ಡಿ.ಎಚ್. ಬಹಳ ಹೆಚ್ಚಿರುವ ರೋಗಿಗಳಲ್ಲಿ ಶ್ವಾಸಕೋಶದ ಅಧಿಕ ಒತ್ತಡ ಮತ್ತು ಕಾಲಿನ ಹುಣ್ಣು ಹೆಚ್ಚು ಕಂಡುಬರುವುದನ್ನು ಅಧ್ಯಯನಗಳು ತೋರಿಸಿವೆ.

ಎರಡನೆಯವು ಒಳಪದರ ಕೆರಳಿರುವುದನ್ನು ತಿಳಿಸುವಂಥವು. ವಿ-ಕ್ಯಾಮ್, ಐ-ಕ್ಯಾಮ್, ಇ-ಸೆಲೆಕ್ಟಿನ್, ಪಿ-ಸೆಲೆಕ್ಟಿನ್ ಎಂಬ ಅಂಟುಪ್ರೋಟೀನುಗಳು ಜೀವಕೋಶದಿಂದ ಕಳಚಿ ರಕ್ತದಲ್ಲಿ ತೇಲುತ್ತವೆ, ಅವುಗಳನ್ನು ಅಳೆಯಬಹುದು. ನಾಳವನ್ನು ಕುಗ್ಗಿಸುವ ಎಂಡೋಥೀಲಿನ್, ನೈಟ್ರಿಕ್ ಆಕ್ಸೈಡ್ ತಯಾರಿಕೆಗೆ ಅಡ್ಡಿಯಾಗುವ ಎ.ಡಿ.ಎಂ.ಎ., ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿದ ವಾನ್ ವಿಲ್ಲೆಬ್ರಾಂಡ್ ಅಂಶ ಇವೂ ಇದೇ ವರ್ಗಕ್ಕೆ ಸೇರಿದವು. ಕುಡಗೋಲು ಕಣ ರೋಗಿಗಳ ರಕ್ತದಲ್ಲಿ ಗೋಡೆಯಿಂದ ಕಿತ್ತುಬಂದ ಒಳಪದರದ ಜೀವಕೋಶಗಳೇ ತೇಲುತ್ತಿರುವುದನ್ನು 1997ರಲ್ಲಿ ಸಂಶೋಧಕರು ವರದಿ ಮಾಡಿದರು. ಈ ಗುಂಪಿನ ಬಹುತೇಕ ಪರೀಕ್ಷೆಗಳು ಸದ್ಯಕ್ಕೆ ಸಂಶೋಧನಾಲಯಗಳಿಗೆ ಸೀಮಿತವಾಗಿವೆ. ಒಬ್ಬ ರೋಗಿಗೆ ಚಿಕಿತ್ಸೆ ನಿರ್ಧರಿಸಲು ಅವುಗಳನ್ನು ಬಳಸುವ ಪದ್ಧತಿ ಇನ್ನೂ ನೆಲೆಗೊಂಡಿಲ್ಲ. ಆದ್ದರಿಂದ ಇವುಗಳಿಗಾಗಿ ದುಬಾರಿ ಹಣ ತೆರುವ ಅಗತ್ಯವಿಲ್ಲ.

ಮೂರನೆಯವು ಅಂಗಗಳಿಗೆ ತಾಗಿದ ಪೆಟ್ಟನ್ನು ತೋರಿಸುವಂಥವು. ಇವುಗಳಲ್ಲಿ ಹಲವು ನಮ್ಮ ಜಿಲ್ಲಾ ಕೇಂದ್ರಗಳ ಮಟ್ಟದಲ್ಲಿಯೂ ಸಿಗುವಂಥವು, ಮತ್ತು ರೋಗಿಯ ಬದುಕಿನ ದೃಷ್ಟಿಯಿಂದ ಅತ್ಯಂತ ಉಪಯುಕ್ತವಾದವು. ಅವುಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮಿದುಳು: ಮಗುವಿಗೆ ಪಾರ್ಶ್ವವಾಯು ತಪ್ಪಿಸುವ ಪರೀಕ್ಷೆ

ಪಾರ್ಶ್ವವಾಯು ವೃದ್ಧಾಪ್ಯದ ಕಾಯಿಲೆಯೆಂಬ ನಂಬಿಕೆ ನಮ್ಮಲ್ಲಿದೆ. ಆದರೆ ಕುಡಗೋಲು ಕಣ ರೋಗವಿರುವ ಐದಾರು ವರ್ಷದ ಮಗುವಿಗೂ ಅದು ಬರಬಹುದು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಗಳ ಒಳಪದರ ದಪ್ಪಗಾಗಿ ದಾರಿ ಕಿರಿದಾಗುವುದೇ ಇದಕ್ಕೆ ಕಾರಣ. ದಾರಿ ಕಿರಿದಾದಷ್ಟೂ ರಕ್ತ ಅಲ್ಲಿ ವೇಗವಾಗಿ ನುಗ್ಗುತ್ತದೆ. ಈ ವೇಗವನ್ನು ತಲೆಯ ಮೇಲ್ಬದಿಯಿಂದಲೇ ಶ್ರವಣಾತೀತ ತರಂಗಗಳ ಮೂಲಕ ಅಳೆಯಬಹುದು. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ವಿಕಿರಣವಿಲ್ಲ. ಇದಕ್ಕೆ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಪರೀಕ್ಷೆ ಎಂದು ಹೆಸರು.

ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾರ್ಶ್ವವಾಯುವಿನ ಅಪಾಯ ಬಹಳ ಹೆಚ್ಚು. 1998ರಲ್ಲಿ ಪ್ರಕಟವಾದ ಅಮೆರಿಕದ 'ಸ್ಟಾಪ್' ಅಧ್ಯಯನದಲ್ಲಿ ಹೀಗೆ ಅಪಾಯದಲ್ಲಿದ್ದ 130 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಯಮಿತವಾಗಿ ರಕ್ತ ಪೂರಣ ಮಾಡಲಾಯಿತು. ರಕ್ತ ಪಡೆದವರಲ್ಲಿ ಒಂದು ಮಗುವಿಗೆ ಮಾತ್ರ ಪಾರ್ಶ್ವವಾಯು ಬಂತು. ಸಾಮಾನ್ಯ ಆರೈಕೆ ಪಡೆದ ಗುಂಪಿನಲ್ಲಿ ಹನ್ನೊಂದು ಮಕ್ಕಳಿಗೆ ಬಂತು. ಅಂತರ ಇಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಒಂದು ಸೂಚಕವನ್ನು ಅಳೆದು, ಅದರ ಆಧಾರದ ಮೇಲೆ ಚಿಕಿತ್ಸೆ ಕೊಟ್ಟು, ಮಕ್ಕಳ ಕೈಕಾಲುಗಳನ್ನು ಉಳಿಸಿದ ಅತ್ಯುತ್ತಮ ಉದಾಹರಣೆಯಿದು. ಆದ್ದರಿಂದಲೇ 2ರಿಂದ 16 ವರ್ಷದೊಳಗಿನ ಪ್ರತಿ ಕುಡಗೋಲು ಕಣ ರೋಗಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು ತಜ್ಞರು ಹೇಳುತ್ತಾರೆ.

ಹೃದಯ, ಶ್ವಾಸಕೋಶ, ಮೂತ್ರಪಿಂಡ

ಶ್ವಾಸಕೋಶದ ನಾಳಗಳು ಗಡುಸಾದಾಗ ಹೃದಯದ ಬಲಭಾಗ ಹೆಚ್ಚು ಶ್ರಮಪಡಬೇಕಾಗುತ್ತದೆ. ಆಗ ಬಲಭಾಗದ ಕವಾಟದಿಂದ ರಕ್ತ ಹಿಂದಕ್ಕೆ ಚಿಮ್ಮುವ ವೇಗವನ್ನು ಎಕೋ ಪರೀಕ್ಷೆಯಲ್ಲಿ ಅಳೆಯುತ್ತಾರೆ. 2004ರಲ್ಲಿ ಮಾರ್ಕ್ ಗ್ಲಾಡ್ವಿನ್ ಮತ್ತು ಸಂಗಡಿಗರು ಪ್ರಕಟಿಸಿದ 195 ವಯಸ್ಕ ರೋಗಿಗಳ ಅಧ್ಯಯನದಲ್ಲಿ ಶೇ. 32ರಷ್ಟು ಮಂದಿಯಲ್ಲಿ ಈ ವೇಗ ಸೆಕೆಂಡಿಗೆ 2.5 ಮೀಟರ್ ಅಥವಾ ಹೆಚ್ಚಿತ್ತು. ಅಂಥವರಲ್ಲಿ ಸಾವಿನ ಅಪಾಯವೂ ಹೆಚ್ಚಾಗಿತ್ತು. ಹೃದಯದ ಗೋಡೆ ಹಿಗ್ಗಿದಾಗ ರಕ್ತಕ್ಕೆ ಬರುವ ಎನ್.ಟಿ. ಪ್ರೊ-ಬಿ.ಎನ್.ಪಿ. ಎಂಬ ಪ್ರೋಟೀನ್ ಕೂಡ ಇದೇ ಅಪಾಯವನ್ನು ಸೂಚಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಎಕೋ ಪರೀಕ್ಷೆಯಲ್ಲಿ ವೇಗ ಹೆಚ್ಚಿದ್ದವರೆಲ್ಲರಿಗೂ ಶ್ವಾಸಕೋಶದ ಅಧಿಕ ಒತ್ತಡ ಇರುವುದಿಲ್ಲ. ಹೃದಯದೊಳಗೆ ನಳಿಕೆ ಹಾಯಿಸಿ ನೇರವಾಗಿ ಒತ್ತಡ ಅಳೆದು ನೋಡಿದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಎಕೋ ಸಂಶಯ ತೋರಿದವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅದು ಖಚಿತವಾಯಿತು. ಸೂಚಕವೆಂದರೆ ಸಂಶಯ ಹುಟ್ಟಿಸುವ ಗುರುತು, ಅದೇ ರೋಗನಿರ್ಣಯವಲ್ಲ. ವರದಿಯ ಅಂಕಿಯೊಂದನ್ನು ನೋಡಿ ಎದೆಗುಂದಬಾರದು, ಹಾಗೆಂದು ಕಡೆಗಣಿಸಲೂಬಾರದು.

ಮೂತ್ರಪಿಂಡದ ಸೋಸುವ ಕೆಲಸ ನಡೆಯುವುದು ಅತಿ ಸೂಕ್ಷ್ಮ ನಾಳಗಳ ಗೊಂಚಲಿನಲ್ಲಿ. ಅವುಗಳ ಒಳಪದರ ಸೋರತೊಡಗಿದಾಗ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಒಂದು ಗ್ರಾಂ ಕ್ರಿಯಾಟಿನೀನಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಬುಮಿನ್ ಇದ್ದರೆ ಅದು ಎಚ್ಚರಿಕೆಯ ಗಂಟೆ. ರಕ್ತದಲ್ಲಿ ಕ್ರಿಯಾಟಿನೀನ್ ಏರುವುದಕ್ಕೆ ಬಹಳ ಮೊದಲೇ ಇದು ಗೋಚರಿಸುತ್ತದೆ. ಹತ್ತನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಈ ಅಗ್ಗದ ಮೂತ್ರಪರೀಕ್ಷೆ ಮಾಡಿಸುವುದು ಒಳ್ಳೆಯದು. ಅಕ್ಷಿಪಟಲದ ಪರೀಕ್ಷೆಯನ್ನೂ ಅದೇ ವಯಸ್ಸಿನಿಂದ ಆರಂಭಿಸಬೇಕು.

ರಕ್ತದೊತ್ತಡದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕುಡಗೋಲು ಕಣ ರೋಗಿಗಳ ರಕ್ತದೊತ್ತಡ ಸಾಮಾನ್ಯವಾಗಿ ಓರಗೆಯವರಿಗಿಂತ ಕಡಿಮೆ ಇರುತ್ತದೆ. ಆದ್ದರಿಂದ ಉಳಿದವರಲ್ಲಿ ಸರಿಯೆನಿಸುವ 125/80ರಂಥ ಅಂಕಿಯೂ ಇವರಲ್ಲಿ ನಾಳಗಳು ಗಡುಸಾಗುತ್ತಿರುವುದರ ಕುರುಹಾಗಿರಬಹುದು. ರೋಗಿಯ ಹಿಂದಿನ ಅಳತೆಗಳ ದಾಖಲೆ ಮನೆಯಲ್ಲಿದ್ದರೆ ವೈದ್ಯರಿಗೆ ಇದನ್ನು ಗುರುತಿಸುವುದು ಸುಲಭ.

ಥಲಸ್ಸೇಮಿಯಾದಲ್ಲಿ ನಾಳಗಳ ಸ್ಥಿತಿ

ಥಲಸ್ಸೇಮಿಯಾದಲ್ಲಿ ಹಿಮೋಗ್ಲೋಬಿನ್ ಸರಪಳಿಯ ಆಕಾರ ಕೆಟ್ಟಿರುವುದಿಲ್ಲ. ಅದರ ಉತ್ಪಾದನೆ ಕುಂಠಿತವಾಗಿರುತ್ತದೆ. ತೀವ್ರ ಸ್ವರೂಪದಲ್ಲಿ ಮಗುವಿಗೆ ಮೊದಲ ಎರಡು ವರ್ಷಗಳೊಳಗೇ ನಿಯಮಿತವಾಗಿ ರಕ್ತ ಪೂರಣ ಬೇಕಾಗುತ್ತದೆ. ಇಲ್ಲಿಯೂ ಕಣಗಳು ಒಡೆಯುವುದರಿಂದ ನೈಟ್ರಿಕ್ ಆಕ್ಸೈಡ್ ನಷ್ಟವಾಗುತ್ತದೆ. ಅದರ ಜೊತೆಗೆ ಇನ್ನೊಂದು ಶತ್ರುವಿದೆ: ಕಬ್ಬಿಣ. ಪೂರಣ ಮಾಡಿದ ಪ್ರತಿಯೊಂದು ಬಾಟಲಿ ರಕ್ತದೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ದೇಹ ಸೇರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಹೆಚ್ಚಾದ ಕಬ್ಬಿಣ ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಸಂಗ್ರಹವಾಗುವುದಲ್ಲದೆ, ತುಕ್ಕು ಹಿಡಿಸುವ ರೀತಿಯ ರಾಸಾಯನಿಕ ಕ್ರಿಯೆಯಿಂದ ನಾಳದ ಒಳಪದರವನ್ನೂ ಘಾಸಿಗೊಳಿಸುತ್ತದೆ.

ರಕ್ತದ ಫೆರಿಟಿನ್ ಪ್ರಮಾಣ, ಹೃದಯ ಮತ್ತು ಯಕೃತ್ತಿನ ಟಿ-2 ಸ್ಟಾರ್ ಎಂ.ಆರ್.ಐ. ಇಲ್ಲಿ ಮುಖ್ಯ ಸೂಚಕಗಳು. ಫೆರಿಟಿನ್ ಬಹುಕಾಲ 2500ಕ್ಕಿಂತ ಮೇಲೆಯೇ ಉಳಿದವರಲ್ಲಿ ಹೃದಯದ ತೊಂದರೆ ಹೆಚ್ಚೆಂದು 1994ರಲ್ಲಿಯೇ ತಿಳಿದುಬಂದಿತ್ತು. ಕಬ್ಬಿಣವನ್ನು ಹೊರತೆಗೆಯುವ ಔಷಧಗಳನ್ನು ತಪ್ಪದೆ ತೆಗೆದುಕೊಳ್ಳುವವರ ಆಯುಷ್ಯ ಗಣನೀಯವಾಗಿ ಹೆಚ್ಚಿದೆ. ಗುಲ್ಮವನ್ನು ತೆಗೆಸಿಕೊಂಡ ಮಧ್ಯಮ ತೀವ್ರತೆಯ ಥಲಸ್ಸೇಮಿಯಾ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅಧಿಕ. ಆದಕಾರಣ ಆ ಶಸ್ತ್ರಚಿಕಿತ್ಸೆಗೆ ಆತುರಪಡಬಾರದು.

ಮೊದಲಿಗೆ ಹೇಳಿದ ಬೆಲ್ಲ, ಮಾತ್ರೆಗಳ ಮಾತು ಇಲ್ಲಿ ಮುಖ್ಯವಾಗುತ್ತದೆ. 'ರಕ್ತ ಕಡಿಮೆಯಿದೆ' ಎಂಬ ಒಂದೇ ಮಾತಿನ ಮೇಲೆ ಇಂಥ ಮಗುವಿಗೆ ತಿಂಗಳುಗಟ್ಟಲೆ ಕಬ್ಬಿಣದ ಟಾನಿಕ್ ಕುಡಿಸಿದರೆ ಕೆಡುಕೇ ಹೆಚ್ಚು. ಕಬ್ಬಿಣ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದಲ್ಲಿ ಎಚ್.ಪಿ.ಎಲ್.ಸಿ. ಎಂಬ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು.

ಔಷಧಗಳು ಕಲಿಸಿದ ಪಾಠ

ನೈಟ್ರಿಕ್ ಆಕ್ಸೈಡ್ ಕೊರತೆಯೇ ಮೂಲವಾದರೆ ಅದನ್ನು ಹೊರಗಿನಿಂದ ಕೊಟ್ಟರೆ ಸಾಕಲ್ಲವೇ? ಸಂಶೋಧಕರಿಗೂ ಹೀಗೆಯೇ ತೋರಿತ್ತು. ಆದರೆ ನೋವಿನ ಸಮಯದಲ್ಲಿ ಆ ಅನಿಲವನ್ನು ಉಸಿರಿನ ಮೂಲಕ ಕೊಟ್ಟು ನೋಡಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೋವಿನ ಅವಧಿ ಕಡಿಮೆಯಾಗಲಿಲ್ಲ. ಅದೇ ಮಾರ್ಗವನ್ನು ಬಲಪಡಿಸುವ ಸಿಲ್ಡೆನಾಫಿಲ್ ಔಷಧದ ಪ್ರಯೋಗವನ್ನು 2009ರಲ್ಲಿ ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ ನೋವಿನ ಪ್ರಕರಣಗಳೇ ಹೆಚ್ಚಾಗಿದ್ದವು. ಪಿ-ಸೆಲೆಕ್ಟಿನ್ ಅಂಟನ್ನು ತಡೆಯುವ ಕ್ರಿಜಾನ್ಲಿಜುಮ್ಯಾಬ್ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತಾದರೂ, ನಂತರದ ದೊಡ್ಡ ಪ್ರಯೋಗದಲ್ಲಿ ನಿರೀಕ್ಷಿತ ಫಲ ಕಾಣದೆ 2023ರಲ್ಲಿ ಐರೋಪ್ಯ ಒಕ್ಕೂಟ ಅದರ ಪರವಾನಗಿಯನ್ನು ಹಿಂಪಡೆಯಿತು. ಒಂದು ಸೂಚಕವನ್ನು ತಿದ್ದಿದರೆ ರೋಗವೇ ತಿದ್ದಿದಂತೆ ಎಂಬ ಲೆಕ್ಕಾಚಾರ ದೇಹದ ವಿಷಯದಲ್ಲಿ ಎಂದೂ ನೇರವಾಗಿ ಫಲಿಸುವುದಿಲ್ಲ.

ಇದಕ್ಕೆ ಹೋಲಿಸಿದರೆ ಹಳೆಯದಾದ, ಅಗ್ಗದ ಹೈಡ್ರಾಕ್ಸಿಯೂರಿಯಾ ಮಾತ್ರೆ ಇಂದಿಗೂ ಚಿಕಿತ್ಸೆಯ ಆಧಾರಸ್ತಂಭವಾಗಿದೆ. ಗರ್ಭಸ್ಥ ಶಿಶುವಿನಲ್ಲಿ ಇರುವಂಥ ಹಿಮೋಗ್ಲೋಬಿನ್ ಎಫ್ ಅನ್ನು ಅದು ಮತ್ತೆ ಹೆಚ್ಚಿಸುತ್ತದೆ. ಆ ಹಿಮೋಗ್ಲೋಬಿನ್ ಕಣಗಳು ಬಾಗುವುದನ್ನು ತಡೆಯುತ್ತದೆ. ಜೊತೆಗೆ ಬಿಳಿಕಣಗಳ ಸಂಖ್ಯೆಯೂ ಅಂಟಿಕೊಳ್ಳುವ ಗುಣವೂ ತಗ್ಗುತ್ತವೆ. 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷದ ನೋವಿನ ಪ್ರಕರಣಗಳ ಮಧ್ಯಾಂಕ ಈ ಔಷಧ ಪಡೆಯದವರಲ್ಲಿ 4.5 ಇದ್ದರೆ, ಪಡೆದವರಲ್ಲಿ 2.5 ಇತ್ತು. ಈ ಮಾತ್ರೆ ನಮ್ಮ ದೇಶದಲ್ಲಿ ದೊರೆಯುತ್ತದೆ. ರಕ್ತಕಣಗಳ ಎಣಿಕೆಯನ್ನು ಕಾಲಕಾಲಕ್ಕೆ ನೋಡಿಕೊಂಡು ವೈದ್ಯರ ನಿಗಾದಲ್ಲಿಯೇ ಸೇವಿಸಬೇಕು. ಗರ್ಭಧಾರಣೆಯ ಯೋಚನೆಯಿದ್ದಲ್ಲಿ ಮೊದಲೇ ತಿಳಿಸಬೇಕು. ಹೊಂದುವ ದಾನಿ ಸಿಕ್ಕಲ್ಲಿ ಅಸ್ಥಿಮಜ್ಜೆ ಕಸಿ ಪೂರ್ಣ ಗುಣದ ದಾರಿ. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮತಿ ನೀಡಿದವು. ಆದರೆ ಅದರ ವೆಚ್ಚ ಸಾಮಾನ್ಯರ ಕೈಗೆಟುಕುವಂಥದಲ್ಲ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಕುಡಗೋಲು ಕಣ ಗುಣವನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನಮ್ಮ ಗಡಿಗೆ ಹೊಂದಿಕೊಂಡ ನೀಲಗಿರಿಯ ಬುಡಕಟ್ಟುಗಳಲ್ಲಿ. ಮಲೇರಿಯಾ ಹೆಚ್ಚಿದ್ದ ಕಾಡುಪ್ರದೇಶಗಳಲ್ಲಿ ಈ ಗುಣದ ಒಂದು ಪ್ರತಿ ಮಾತ್ರ ಇದ್ದವರಿಗೆ ಆ ಜ್ವರದಿಂದ ರಕ್ಷಣೆ ದೊರೆಯುತ್ತಿದ್ದುದರಿಂದ ಅದು ಪೀಳಿಗೆಯಿಂದ ಪೀಳಿಗೆಗೆ ಉಳಿದುಬಂತು. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲಿ ಇದು ಕಂಡುಬರುತ್ತದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ರೋಗದ ಪತ್ತೆ ಮತ್ತು ಆರೈಕೆಯಲ್ಲಿ ತೊಡಗಿಕೊಂಡಿದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ನೀಡಿದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ ಕರ್ನಾಟಕವೂ ಸೇರಿದಂತೆ 17 ರಾಜ್ಯಗಳನ್ನು ಒಳಗೊಂಡಿದೆ. ಏಳು ಕೋಟಿ ಜನರ ತಪಾಸಣೆ ಮತ್ತು 2047ರೊಳಗೆ ನಿರ್ಮೂಲನೆ ಅದರ ಗುರಿ.

ಥಲಸ್ಸೇಮಿಯಾಗೆ ಇಂಥ ಎಲ್ಲೆಗಳಿಲ್ಲ. ದೇಶದ ಜನಸಂಖ್ಯೆಯ ಶೇ. 3ರಿಂದ 4ರಷ್ಟು ಮಂದಿ ಅದರ ವಾಹಕರೆಂಬ ಅಂದಾಜಿದೆ. ವಾಹಕರು ರೋಗಿಗಳಲ್ಲ, ಅವರು ಎಲ್ಲರಂತೆ ಆರೋಗ್ಯವಾಗಿ ಬಾಳುತ್ತಾರೆ. ಆದರೆ ಪತಿ ಪತ್ನಿ ಇಬ್ಬರೂ ವಾಹಕರಾಗಿದ್ದಲ್ಲಿ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಬ್ಬರು ಕುಡಗೋಲು ಕಣ ವಾಹಕರಾಗಿ ಇನ್ನೊಬ್ಬರು ಥಲಸ್ಸೇಮಿಯಾ ವಾಹಕರಾಗಿದ್ದರೂ ಅಪಾಯ ತಪ್ಪಿದ್ದಲ್ಲ. ಸೋದರಮಾವನೊಡನೆ, ಅತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆ ಮಾಡುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿ ಇಂದಿಗೂ ಇದೆ. ಒಂದೇ ಬಳ್ಳಿಯ ಇಬ್ಬರಲ್ಲಿಯೂ ಒಂದೇ ದೋಷ ಅಡಗಿರುವ ಸಾಧ್ಯತೆ ಆಗ ಹೆಚ್ಚು.

ಇಲ್ಲಿ ಮಾತನಾಡಲೇಬೇಕಾದ ಇನ್ನೊಂದು ಸಂಗತಿಯಿದೆ. ವಾಹಕಳೆಂದು ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ವರದಿಯನ್ನು ಮುಚ್ಚಿಡುವ ತಂದೆತಾಯಿಯರಿದ್ದಾರೆ. ರೋಗವಿರುವ ಮಗು ಹುಟ್ಟಿದಾಗ ತಪ್ಪನ್ನೆಲ್ಲ ಸೊಸೆಯ ಮೇಲೆ ಹೊರಿಸುವ ಮನೆಗಳೂ ಇವೆ. ಈ ರೋಗಗಳು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಪ್ರತಿ ಬಂದಾಗ ಮಾತ್ರ ತಲೆದೋರುತ್ತವೆ. ಒಬ್ಬರನ್ನೇ ದೂಷಿಸುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಜಾತಕ ನೋಡುವ ಮನೆಯಲ್ಲಿ ವಧೂವರರಿಬ್ಬರ ರಕ್ತಪರೀಕ್ಷೆಯ ವರದಿಯನ್ನೂ ನೋಡುವ ರೂಢಿ ಬಂದರೆ ಎಷ್ಟೋ ಕುಟುಂಬಗಳ ಸಂಕಟ ತಪ್ಪುತ್ತದೆ. ಈಗಾಗಲೇ ಮದುವೆಯಾದವರು ಗರ್ಭದ ಆರಂಭದ ವಾರಗಳಲ್ಲಿಯೇ ಪರೀಕ್ಷಿಸಿಕೊಂಡರೆ ವೈದ್ಯರ ಸಲಹೆ ಪಡೆಯಲು ಕಾಲಾವಕಾಶ ಇರುತ್ತದೆ.

ಮನೆಯವರು ನೆನಪಿಡಬೇಕಾದದ್ದು

ರೋಗವಿರುವ ಮಗುವಿಗೆ ದಿನವಿಡೀ ಸಾಕಷ್ಟು ನೀರು ಕುಡಿಸಬೇಕು. ಚಳಿ, ಬಿಸಿಲ ಧಗೆ, ಅತಿಯಾದ ದಣಿವು ಇವುಗಳಿಂದ ಕಾಪಾಡಬೇಕು. ನ್ಯುಮೋಕಾಕಸ್ ಲಸಿಕೆ, ಐದು ವರ್ಷದವರೆಗೆ ವೈದ್ಯರು ಸೂಚಿಸುವ ಪೆನಿಸಿಲಿನ್, ಫೋಲಿಕ್ ಆಮ್ಲದ ಮಾತ್ರೆ ಇವುಗಳನ್ನು ತಪ್ಪಿಸಬಾರದು. ತಂಬಾಕು ನಾಳದ ಒಳಪದರಕ್ಕೆ ನೇರ ಶತ್ರು. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದದಿರುವುದು ರೋಗಿಗೆ ಮಾಡುವ ದೊಡ್ಡ ಉಪಕಾರ.

101 ಡಿಗ್ರಿ ಮೀರಿದ ಜ್ವರ, ಎದೆನೋವು ಅಥವಾ ಉಸಿರಾಟದ ತೊಂದರೆ, ಕೈಕಾಲು ಸೋಲುವುದು, ಮಾತು ತೊದಲುವುದು, ಹೊಟ್ಟೆಯ ಎಡಭಾಗ ಹಠಾತ್ತನೆ ಊದಿಕೊಂಡು ಮಗು ಬಿಳಿಚಿಕೊಳ್ಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಿಮೋಗ್ಲೋಬಿನ್, ಎಲ್.ಡಿ.ಎಚ್., ಮೂತ್ರದ ಆಲ್ಬುಮಿನ್, ರಕ್ತದೊತ್ತಡ, ಡಾಪ್ಲರ್, ಎಕೋ, ಫೆರಿಟಿನ್ ಇವುಗಳ ಅಳತೆಯನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು ಯಾವ ಮನೆಯಲ್ಲಿಯೂ ಮಾಡಬಹುದಾದ ಕೆಲಸ. ಒಂದೇ ದಿನದ ಅಂಕಿಗಿಂತ ಅಂಕಿಗಳು ಸಾಗುತ್ತಿರುವ ದಿಕ್ಕು ವೈದ್ಯರಿಗೆ ಹೆಚ್ಚಿನದನ್ನು ಹೇಳುತ್ತದೆ. ನೋವೆಂದು ಶಾಲೆ ತಪ್ಪಿಸುವ ಮಗುವನ್ನು ಸೋಮಾರಿಯೆಂದು ಗದರುವ ಮೊದಲು ಶಿಕ್ಷಕರಿಗೂ ಈ ರೋಗದ ಪರಿಚಯವಿರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕುಡಗೋಲು ಕಣ ರೋಗ ಮತ್ತು ಥಲಸ್ಸೇಮಿಯಾ ಎರಡೂ ಸೇರಿವೆ. ಅರ್ಹರು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಆರೋಗ್ಯವಂತರು ವರ್ಷಕ್ಕೆ ಎರಡು ಮೂರು ಬಾರಿ ರಕ್ತದಾನ ಮಾಡಿದರೆ, ಪ್ರತಿ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತಕ್ಕಾಗಿ ಕಾದು ಕೂರುವ ಥಲಸ್ಸೇಮಿಯಾ ಮಕ್ಕಳಿಗೆ ಅದು ನೇರವಾಗಿ ತಲುಪುತ್ತದೆ.